ಟವೆಲ್ ಕೆಳಗಿನ ಉತ್ತರ

ಕೊರೊನಾ ಗಲಾಟೆ ಮುಗಿದು, ದನದ ಸಂತೆಗಳು ಮತ್ತೆ ಮೊದಲಿನ ಹಾಗೆ ಕೂಡತೊಡಗಿದ ವರ್ಷ ನಡೆದದ್ದು ಇದು. ನಾನು ದನದ ದಲ್ಲಾಳಿ. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ನಮ್ಮೂರು. ಹೈಸ್ಕೂಲು ಮೆಟ್ಟಿಲು ಹತ್ತಿದವನಲ್ಲ. ಚನ್ನರಾಯಪಟ್ಟಣದ ಸಂತೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಲ್ಲುತ್ತಿದ್ದವನು, ಈಗ ಸ್ವಂತ ಗೂಡ್ಸ್ ಗಾಡಿ ಇಟ್ಟುಕೊಂಡು ನಾಲ್ಕು ತಾಲ್ಲೂಕು ಸುತ್ತುತ್ತೇನೆ. ಯಾವ ಕೊಟ್ಟಿಗೆಯಲ್ಲಿ ಯಾವ ಹಸು ಎಷ್ಟನೇ ಸೂಲು ಅಂತ ಕೇಳಿ, ಮಲಗಿದ್ದಲ್ಲೇ ಹೇಳುತ್ತೇನೆ.

ಅದಕ್ಕೇ ಇರಬೇಕು, ಹಾಸನದಿಂದ ಬಂದಿದ್ದ ಡಾಕ್ಟರ್ ಶಾಲಿನಿ ಮೇಡಂಗೆ ಯಾರೋ ನನ್ನನ್ನು ತೋರಿಸಿದ್ದರು. ಹಸು ಕಂದು ಹಾಕುವ ಕಾಯಿಲೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಬ್ಬದ ಹಸು ದಿನ ತುಂಬುವ ಮೊದಲೇ ಕರು ಹಾಕಿಬಿಡುತ್ತದೆ. ಆ ರೋಗ ಹಸುವಿನಿಂದ ಮನುಷ್ಯರಿಗೂ ಬರುತ್ತದಂತೆ. ಬಿಟ್ಟು ಬಿಟ್ಟು ಜ್ವರ, ಕೀಲುನೋವು, ಮೈಯೆಲ್ಲ ಬೆವರು. ನಮ್ಮ ಭಾಗದಲ್ಲಿ ಎಷ್ಟು ಜನಕ್ಕೆ ಹಾಗಾಗಿದೆ ಅಂತ ತಿಳಿಯೋದಕ್ಕೆ ಹಾಲು ಕರೆಯುವವರ ರಕ್ತ ಪರೀಕ್ಷೆ ಮಾಡಬೇಕು, ಅದೇ ಅವರ ಸಂಶೋಧನೆ.

"ಅಷ್ಟೇ ತಾನೆ ಮೇಡಂ? ಇಡೀ ಊರನ್ನೇ ತಂದು ನಿಲ್ಲಿಸ್ತೀನಿ, ಭಾನುವಾರ ಬನ್ನಿ" ಅಂದುಬಿಟ್ಟೆ. ದಲ್ಲಾಳಿಗೆ ಬಾಯಿಮಾತೇ ಬಂಡವಾಳ. ಕೊಟ್ಟ ಮೇಲೆ ಮುಗಿಯಿತು.

ನೇರವಾಗಿ ನಮ್ಮ ಹಾಲಿನ ಸೊಸೈಟಿ ಅಧ್ಯಕ್ಷರ ಹತ್ತಿರ ಹೋದೆ. ಊರಲ್ಲಿ ಅತಿ ಹೆಚ್ಚು ಹಸು ಇರುವುದು ಅವರ ಕೊಟ್ಟಿಗೆಯಲ್ಲೇ. ಮೀಸೆ ಸವರಿಕೊಂಡು, "ಅದ್ಕೇನ್ ನಿಂಗಣ್ಣ, ಆಲು ಆಕೋರೆಲ್ಲ ಬರ್ಬೇಕು ಅಂತ ಡೈರಿ ತಾವ ಏಳುಸ್ಬುಡ್ತೀನಿ" ಅಂದರು. ಹೇಳಿಸಿದರು ಕೂಡ.

ಭಾನುವಾರ ಬೆಳಿಗ್ಗೆ ನನ್ನ ಅಕ್ಕ ಪುಟ್ಟಮ್ಮನ ಕೊಟ್ಟಿಗೆಗೆ ಹೋದೆ. ಭಾವ ತೀರಿಕೊಂಡ ಮೇಲೆ ಅವಳ ಸಂಸಾರ ನಡೆಯುತ್ತಿರುವುದು ಎರಡು ಸೀಮೆಹಸುವಿನ ಮೇಲೆ. ಕೆಚ್ಚಲು ತೊಳೆಯುತ್ತಾ, ಮುಖ ಎತ್ತದೆ ಹೇಳಿದಳು.

"ಲೇ ನಿಂಗ, ನಂಗೆ ಬ್ಯಾಡ ಕಣ್ಲಾ ಆ ರಕ್ತ ಗಿಕ್ತ."

"ಯಾಕಕ್ಕ? ಸೂಜಿಗೆ ಎದ್ರುಕೊಂಡ್ಯಾ?"

"ಸೂಜಿ ಮನೆ ಆಳಾಗ. ಓದ್ ವರ್ಸ ಈ ಕೆಂದಿ ಕಂದು ಆಕ್ತು, ನಿಂಗೇ ಗೊತ್ತು. ನಂಗೂ ಆವಾಗಿಂದ ಬುಟ್ಟು ಬುಟ್ಟು ಜ್ವರ ಬತ್ತದೆ. ನಾಳೆ ರಕ್ತದಲ್ಲಿ ಏನಾರ ಸಿಕ್ತು ಅನ್ನು, ಪುಟ್ಟಮ್ಮನ್ ಮನೆ ಆಲು ಬ್ಯಾಡ ಅಂತ ಡೈರೀಲಿ ಕ್ಯಾನ್ ವಾಪಸ್ ಕೊಟ್ರೆ? ನಿನ್ ಡಾಕ್ಟ್ರಮ್ಮ ಬಂದು ನಂಗೆ ಅನ್ನ ಆಕ್ತಾಳಾ?"

ನಿಜ ಹೇಳಬೇಕೆಂದರೆ ನನಗೆ ಅದುವರೆಗೆ ಅದು ಹೊಳೆದೇ ಇರಲಿಲ್ಲ. ಆದರೂ, "ಸುಮ್ನಿರಕ್ಕ, ನಾ ಮಾತು ಕೊಟ್ಟಿವ್ನಿ. ಅಧ್ಯಕ್ಷರೇ ಬರ್ತಾವ್ರೆ. ನೀನೊಬ್ಳು ಬರ್ದೆ ಓದ್ರೆ ಚೆಂದಾಗಿರ್ತದಾ?" ಅಂದೆ. ಅವಳು ಕೆಚ್ಚಲು ತೊಳೆದು ಮುಗಿಸಿದಳು. ಹೊತ್ತಿಗೆ ಸರಿಯಾಗಿ, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟುಕೊಂಡು ಡೈರಿ ಮುಂದೆ ಬಂದು ನಿಂತಳು.

ಡೈರಿ ಮುಂದೆ ಹೊಂಗೆಮರ, ಅದರ ಕೆಳಗೆ ಜನ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷರು. ಮೇಡಂ ಎದ್ದು ನಿಂತು ಮಾತು ಶುರು ಮಾಡಿದರು.

"ನೋಡಿ, ಇದು ಚಿಕಿತ್ಸೆ ಅಲ್ಲ, ಸಂಶೋಧನೆ. ಇದರಿಂದ ನಿಮಗೆ ನೇರವಾಗಿ ಲಾಭ ಆಗುತ್ತೆ ಅಂತ ನಾನು ಹೇಳೋಕಾಗಲ್ಲ. ಸೂಜಿ ಚುಚ್ಚಿದ ಜಾಗ ನೋಯಬಹುದು. ರಕ್ತವನ್ನು ನಾವು ಇಟ್ಟುಕೊಳ್ತೀವಿ, ಅದರ ಮೇಲೆ ನಿಮ್ಮ ಹೆಸರಿರಲ್ಲ. ಫಲಿತಾಂಶ ನಿಮಗೆ ಬಿಟ್ಟು ಯಾರಿಗೂ ಹೇಳಲ್ಲ, ಡೈರಿಗೂ ಹೇಳಲ್ಲ. ಆದರೆ ಊರಲ್ಲಿ ಯಾರೂ ಏನೂ ಮಾತಾಡಿಕೊಳ್ಳಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ಒಪ್ಪಿದ ಮೇಲೂ ಮಧ್ಯದಲ್ಲಿ ಬೇಡ ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ."

ನನಗೆ ತಲೆ ಕೆಟ್ಟಿತು. ಮಾರುವ ಹಸುವಿನ ಸುಳಿ ದೋಷವನ್ನು ಯಾವನಾದರೂ ಮೊದಲೇ ಹೇಳುತ್ತಾನಾ? ಹತ್ತಿರ ಹೋಗಿ ಮೆಲ್ಲಗೆ, "ಮೇಡಂ, ಒದೆಯೋ ಅಸ ಒದೀತದೆ ಅಂತ ಟಾಂಟಾಂ ಒಡುದ್ರೆ ಯಾರ್ ತಗೋತಾರೆ?" ಅಂದೆ. ಅವರು ನಕ್ಕು, "ಒದ್ದ ಮೇಲೆ ಗೊತ್ತಾಗೋದಕ್ಕಿಂತ ಮೊದಲೇ ಗೊತ್ತಾಗಲಿ ಬಿಡಿ" ಅಂದರು.

"ಏನಾದರೂ ಕೇಳೋದಿದೆಯಾ?" ಅಂತ ಜನರನ್ನು ಕೇಳಿದರು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಎದ್ದರು.

"ಏನ್ ಕೇಳಾದು ಮೇಡಂ, ನಮ್ಮೋರೆಲ್ಲ ಒಪ್ಪವ್ರೆ. ಎಲ್ಲಿ, ಒಪ್ಪಿರೋರು ಕೈ ಎತ್ರಲಾ!"

ಎಲ್ಲ ಕೈಗಳೂ ಮೇಲೆದ್ದವು. ನನ್ನ ಕಣ್ಣು ಅಕ್ಕನ ಮೇಲೇ ಇತ್ತು. ಅವಳ ಕೈ ಕಿವಿಯವರೆಗೆ ಬಂದು, ಅಲ್ಲಿ ನಿಂತು, ಅಧ್ಯಕ್ಷರು ಆ ಕಡೆ ತಿರುಗಿದ ಕೂಡಲೇ ಪೂರ್ತಿ ಮೇಲಕ್ಕೆ ಹೋಯಿತು. ಮುಖ ಮಾತ್ರ ನೆಲ ನೋಡುತ್ತಿತ್ತು.

ಮೇಡಂ ತಮ್ಮ ಚೀಲದ ಜಿಪ್ ಎಳೆದು ಮುಚ್ಚಿದರು. "ಇಂಥ ಒಪ್ಪಿಗೆ ನನಗೆ ಬೇಡ ಸರ್."

"ಯಾಕ್ ಮೇಡಂ! ನೂರಕ್ಕೆ ನೂರು ಅಲ್ವಾ?"

"ಅದಕ್ಕೇ ಬೇಡ. ಎಲ್ಲರೂ ಒಟ್ಟಿಗೆ ಹೂಂ ಅಂದರೆ, ಅದರಲ್ಲಿ ಯಾರದು ನಿಜವಾದ ಹೂಂ ಅಂತ ನನಗೆ ಹೇಗೆ ಗೊತ್ತಾಗಬೇಕು? ಬೇಡ ಅನ್ನೋಕೆ ದಾರಿ ಇಲ್ಲದ ಕಡೆ ಹೂಂ ಅನ್ನೋದಕ್ಕೆ ಅರ್ಥ ಇಲ್ಲ."

ಅಧ್ಯಕ್ಷರ ಮುಖ ಬಿಗಿಯಿತು. ಜನ ಮಿಸುಕಾಡಿದರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಶ್ರಮ ವ್ಯರ್ಥ ಆಯ್ತು, ಬೇಜಾರು ಮಾಡ್ಕೋಬೇಡಿ" ಅಂದರು. ಒಬ್ಬೊಬ್ಬರನ್ನೇ ಕರೆದು ಮಾತಾಡಿ ಅಂದೆ. ಅವರು ಸುತ್ತ ನೋಡಿದರು. ಡೈರಿಗಿರುವುದು ಒಂದೇ ಕೋಣೆ, ಅದರ ಕಿಟಕಿಗಳಲ್ಲೆಲ್ಲ ತಲೆಗಳು. ಮರದಾಚೆ ಒಂದು ಕಲ್ಲುಬೆಂಚು, ಅಲ್ಲಿ ಕೂತರೆ ಮಾತು ಯಾರಿಗೂ ಕೇಳಿಸುವುದಿಲ್ಲ, ಆದರೆ ತಲೆ ಆಡಿಸಿದರೂ ಇಡೀ ಊರಿಗೆ ಕಾಣುತ್ತದೆ. "ಮನೆಗಳಿಗೆ ಹೋಗೋಣ ಅಂದ್ರೆ ಅಲ್ಲಿ ಗಂಡನೋ ಮಗನೋ ಉತ್ತರ ಹೇಳ್ತಾರೆ" ಅಂದರು.

ಆಗಲೇ ನನ್ನ ಕೈ ತಾನಾಗಿ ಹೆಗಲ ಮೇಲಿನ ಟವೆಲ್‌ಗೆ ಹೋಯಿತು.

ಸಂತೆ ನೋಡದವರಿಗೆ ಒಂದು ಮಾತು ಹೇಳಬೇಕು. ನಾವು ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ ಕೆಳಗೆ ಕೈ ಹಿಡಿದುಕೊಂಡು, ಬೆರಳು ಒತ್ತಿ ಒತ್ತಿಯೇ ವ್ಯಾಪಾರ ಮುಗಿಸುತ್ತೇವೆ. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆಯೇ ಹೊರತು ಬೆಲೆ ಗೊತ್ತಾಗುವುದಿಲ್ಲ. ಮುಷ್ಟಿ ಬಿಗಿದರೆ, ಮಾತು ಇಲ್ಲಿಗೆ ಮುಗಿಯಿತು, ಇನ್ನು ಕೇಳಬೇಡ ಅಂತ. ಅಣ್ಣತಮ್ಮಂದಿರ ಪಾಲಿನ ಎತ್ತಾದರೆ, ಅಣ್ಣ ಎಲ್ಲರೆದುರು ಕೊಡುವುದಿಲ್ಲ ಅಂತ ಕೂಗಾಡುತ್ತಿದ್ದರೂ, ತಮ್ಮನ ನಿಜವಾದ ಉತ್ತರ ನನಗೆ ಸಿಗುತ್ತಿದ್ದದ್ದು ಟವೆಲ್ ಕೆಳಗೇ.

"ಮೇಡಂ, ಕಲ್ಲುಬೆಂಚಿನ ಮೇಲೆ ಒಬ್ಬೊಬ್ರೇ ಕೂತ್ಕೊಳ್ಲಿ. ನೀವು ಏನ್ ಬೇಕೋ ಹೇಳಿ, ಅವ್ರು ಏನ್ ಬೇಕೋ ಕೇಳ್ಲಿ. ಉತ್ತರ ಮಾತ್ರ ಟವೆಲ್ ಕೆಳಗೆ. ಒಂದು ಬೆರಳು ಒತ್ತಿದ್ರೆ ಹೂಂ, ಎರಡು ಬೆರಳು ಒತ್ತಿದ್ರೆ ಬೇಡ. ನಾನೇ ಕೈ ಹಿಡೀತೀನಿ, ನಂಗೆ ಅಭ್ಯಾಸ ಐತೆ."

ಮೇಡಂ ತಲೆದೂಗಿದರು. "ಉಪಾಯ ಚೆನ್ನಾಗಿದೆ. ಆದರೆ ನಿಮ್ಮ ಕೈ ಬೇಡ."

"ಯಾಕೆ?"

"ನೀವು ಈ ಊರಿನವರು. ನಿಮಗೆ ಗೊತ್ತಾದರೆ ಊರಿಗೇ ಗೊತ್ತಾದ ಹಾಗೆ. ಟವೆಲ್ ಮಾತ್ರ ಕೊಡಿ."

ಅವರು ಸುಮ್ಮನೆ ಟವೆಲ್ ಇಸಿದುಕೊಳ್ಳಲಿಲ್ಲ, ಅದಕ್ಕೆ ಇನ್ನೊಂದಷ್ಟು ಸೇರಿಸಿದರು. ಇವತ್ತು ಯಾರ ರಕ್ತವನ್ನೂ ತೆಗೆಯುವುದಿಲ್ಲ, ಯಾರೂ ರುಜು ಹಾಕುವುದೂ ಬೇಡ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮುಂದಿನ ದಿನಗಳಲ್ಲಿ ಎಲ್ಲ ಮನೆಗೂ ಬರುತ್ತೇವೆ, ಹೂಂ ಅಂದವರ ಮನೆಗೂ ಬೇಡ ಅಂದವರ ಮನೆಗೂ, ಎಲ್ಲ ಕಡೆ ಅಷ್ಟೇ ಹೊತ್ತು ಬಾಗಿಲು ಹಾಕಿಕೊಂಡು ಕೂರುತ್ತೇವೆ, ಅಷ್ಟರೊಳಗೆ ಮನಸ್ಸು ಬದಲಾದರೂ ಸರಿ ಅಂದರು. ವ್ಯಾಪಾರ ಅವರಿಂದ ಕಲಿಯಬೇಕು ಅನ್ನಿಸಿತು ನನಗೆ.

ಅಧ್ಯಕ್ಷರಿಗೆ ಟವೆಲ್ ಸಂಗತಿ ಬಲು ಇಷ್ಟವಾಯಿತು. "ನಂದೇ ಮೊದ್ಲು!" ಅಂತ ಹೋಗಿ ಕೂತರು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆವು. ಮೇಡಂ ಏನೋ ಹೇಳುತ್ತಿದ್ದರು, ಇವರು ಏನೋ ಕೇಳುತ್ತಿದ್ದರು. ಇವರ ಕತ್ತು ಮುಂದಕ್ಕೆ ಬಗ್ಗಿತು. ಆಮೇಲೆ ಟವೆಲ್ ಒಂದು ಸಲ ಅಲ್ಲಾಡಿತು. ಕೈ ಎಳೆದುಕೊಂಡು, "ಆಯ್ತ್ ಮೇಡಂ, ಆಯ್ತ್ ಆಯ್ತ್" ಅಂತ ಇಡೀ ಊರಿಗೆ ಕೇಳುವ ಹಾಗೆ ಹೇಳಿ ಬಂದು ಕುರ್ಚಿಯಲ್ಲಿ ಕೂತರು. ಒಪ್ಪಿಕೊಂಡವನ ಕೈ ಟವೆಲ್‌ನಿಂದ ನಿಧಾನಕ್ಕೆ ಬರುತ್ತದೆ, ಒಲ್ಲೆ ಅಂದವನದು ಚಟಕ್ಕನೆ ಬರುತ್ತದೆ. ಇದು ನನ್ನ ಅನುಭವ. ಅಧ್ಯಕ್ಷರ ಕೈ ಚಟಕ್ಕನೆ ಬಂದಿತ್ತು. ನಾನು ಮೀಸೆಯೊಳಗೇ ನಕ್ಕೆ.

ಒಬ್ಬೊಬ್ಬರಾಗಿ ಹೋದರು. ಒಂದು ಮುದುಕಿ ಟವೆಲ್ ಒಳಗೆ ಕೈ ಹಾಕಿ, "ಗಂಡನ್ ಕೈ ಬುಟ್ರೆ ಇನ್ನೊಬ್ರ್ ಕೈ ಇಡೀತಾ ಇರಾದು ಇವತ್ತೇ ಕಣವ್ವಾ" ಅಂತ ಕೂಗಿ ಎಲ್ಲರನ್ನೂ ನಗಿಸಿದಳು. ಜನ ಸಡಿಲಾದರು.

ಅಕ್ಕನ ಸರದಿ ಬಂತು. ಅವಳು ಬೆಂಚಿನ ತುದಿಯಲ್ಲಿ ಕೂತಳು. ಮೊದಲು ಬರೀ ಮೇಡಂ ಬಾಯಿ ಆಡುತ್ತಿತ್ತು. ಆಮೇಲೆ ಅಕ್ಕ ಮಾತಾಡತೊಡಗಿದಳು. ನಾನು ಯಾವತ್ತೂ ನೋಡದಷ್ಟು ಮಾತಾಡಿದಳು. ಕೊನೆಗೆ ಟವೆಲ್ ಕೆಳಗೆ ಕೈ ಹಾಕಿದಳು. ಕೈ ಚಟಕ್ಕನೆಯೂ ಬರಲಿಲ್ಲ, ನಿಧಾನಕ್ಕೂ ಬರಲಿಲ್ಲ. ಮೇಡಂ ಆ ಕೈ ಮೇಲೆ ತಮ್ಮ ಇನ್ನೊಂದು ಕೈ ಇಟ್ಟು ಏನೋ ಹೇಳಿದರು. ಎದ್ದು ಬರುವಾಗ ಅಕ್ಕನ ಮುಖ ನೆಲ ನೋಡುತ್ತಿರಲಿಲ್ಲ. ನೇರ ನನ್ನ ಮುಂದೆಯೇ ಹಾದು ಮನೆಗೆ ಹೋದಳು.

ಸಂಜೆ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗುವಾಗ ಅವಳೇ ನನ್ನನ್ನು ನಿಲ್ಲಿಸಿದಳು.

"ಎಲ್ಡ್ ಬೆಳ್ಳು ಒತ್ತಿದೆ ಕಣ್ಲಾ ನಿಂಗ."

ನಾನು ಸುತ್ತಮುತ್ತ ನೋಡಿದೆ. "ಮೆತ್ತಗೆ ಏಳಕ್ಕ."

"ಆಯಮ್ಮ ಬೈಯ್ತಾಳೇನೋ ಅಂದ್ಕಂಡಿದ್ದೆ. 'ಏಳಿದ್ದು ಒಳ್ಳೇದಾಯ್ತಮ್ಮ' ಅಂದ್ಬುಟ್ಳು. ಜ್ವರದ್ ವಿಸ್ಯನೂ ಕೇಳ್ದೆ. ಸಂಸೋದ್ನೆ ಬೇರೆ, ಔಸ್ತಿ ಬೇರೆ, ಅದುಕ್ ಒಪ್ದೆ ಇದ್ರೂ ಆಸ್ಪತ್ರೇಲಿ ತೋರುಸ್ಕಬೋದು, ಯಾರ್ಗೂ ಏಳ್ಬೇಕಾಗಿಲ್ಲ ಅಂದ್ಳು. ಬುಧವಾರ ಆಸನಕ್ಕೆ ಓಯ್ತೀನಿ. ನೀ ಜತೆಗ್ ಬರ್ಬ್ಯಾಡ."

"ನಾ ಯಾಕ್ ಬರ್ಬಾರ್ದು?"

"ನೀ ಬಂದ್ರೆ ಡಾಕ್ಟ್ರು ತಾವ ನೀನೇ ಮಾತಾಡ್ತೀಯ. ಜ್ವರ ನಂದು."

ಹೀಗೆಂದು ನಕ್ಕು ಕ್ಯಾನ್ ಎತ್ತಿಕೊಂಡು ಹೋದಳು. ಡೈರಿಯಲ್ಲಿ ಅವಳ ಹಾಲು ಎಂದಿನಂತೆ ಸುರಿದುಕೊಂಡರು. ಅವಳು ಹಾಸನಕ್ಕೆ ಹೋಗಿ ಬಂದಳು, ಮಾತ್ರೆ ನುಂಗಿದಳು, ಜ್ವರ ಬಿಟ್ಟಿತು. ಏನು ಕಾಯಿಲೆ ಅಂದರು ಅಂತ ನಾನು ಎಷ್ಟು ಸುತ್ತಿ ಬಳಸಿ ಕೇಳಿದರೂ, "ಆಲು ಕಾಯ್ಸಿ ಕುಡೀರಿ ಅಂದ್ರು" ಅನ್ನುತ್ತಾಳೆ. ಅದನ್ನು ಮೇಡಂ ಊರಿಗೆಲ್ಲ ಹೇಳಿದ್ದರು.

ಮಾತಿನಂತೆ ಅವರ ತಂಡ ಎಲ್ಲ ಮನೆಗೂ ಬಂತು. ಅಕ್ಕನ ಮನೆಯಲ್ಲೂ ಬಾಗಿಲು ಹಾಕಿಕೊಂಡು ಕೂತರು, ಒಳಗೆ ಬಿಸಿ ಕಾಫಿ ಮತ್ತು ಕೆಂದಿ ಹಸುವಿನ ಚರಿತ್ರೆ. ಅಧ್ಯಕ್ಷರ ಮನೆಯಲ್ಲೂ ಅಷ್ಟೇ ಹೊತ್ತು. ಯಾರು ಕೊಟ್ಟರು, ಯಾರು ಬಿಟ್ಟರು, ಊರಿಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನ ಮಾತನ್ನು ಇಲ್ಲಿ ಬರೆದದ್ದೂ ಅವಳನ್ನು ಕೇಳಿ, ಅವಳು ಹೂಂ ಅಂದ ಮೇಲೆಯೇ.

ಕೆಲವು ತಿಂಗಳ ನಂತರ ಮೇಡಂ ಮತ್ತೆ ಬಂದರು. ಕೆಲವರ ರಕ್ತದಲ್ಲಿ ಆ ರೋಗ ಕಂಡಿದೆ, ಅವರಿಗೆ ಒಬ್ಬೊಬ್ಬರಿಗೇ ತಿಳಿಸಿ ಔಷಧಿಗೆ ದಾರಿ ಮಾಡಿದ್ದೇವೆ, ಹೆಣ್ಣುಗರುಗಳಿಗೆ ಲಸಿಕೆ ಹಾಕಿಸಿ ಅಂತ ಹೆಸರು ಎತ್ತದೆ ಹೇಳಿದರು. ಅವರನ್ನು ಬಸ್ಸು ಹತ್ತಿಸಲು ಹೋದಾಗ ನನಗೆ ತಡೆಯಲಾಗಲಿಲ್ಲ. ನಾಲ್ಕು ತಾಲ್ಲೂಕಿನ ಹಸುಗಳ ಬೆಲೆ ಗೊತ್ತಿರುವವನಿಗೆ ಒಂದು ಸಣ್ಣ ವಿಷಯ ಗೊತ್ತಿಲ್ಲ ಅಂದರೆ ನಿದ್ದೆ ಹೇಗೆ ಬರಬೇಕು?

"ಮೇಡಂ, ಒಂದೇ ಒಂದು. ಅಧ್ಯಕ್ಷರು ಒಂದು ಬೆರಳೋ, ಎರಡೋ?"

ಅವರು ನನ್ನ ಹೆಗಲ ಟವೆಲ್ ಎಳೆದುಕೊಂಡು, ತಮ್ಮ ಕೈ ಮೇಲೆ ಹೊದ್ದಿಸಿ, ಕಣ್ಣಲ್ಲೇ ಕರೆದರು. ನಾನು ಆಸೆಯಿಂದ ಕೈ ಹಾಕಿದೆ. ಒಳಗೆ ಸಿಕ್ಕಿದ್ದು ಬಿಗಿಯಾದ ಮುಷ್ಟಿ.

ನನ್ನ ಕಸುಬಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ಸೋಲಿಸಿದವರು ಬೇರೆ ಯಾರೂ ಇಲ್ಲ. ಸೋತದ್ದಕ್ಕೆ ಸಂತೋಷವೇ ಆಯಿತು.

ಆಮೇಲಿಂದ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಕಟ್ಟಿರುವ ಹಸು ಕೊಳ್ಳುವಾಗ, ಯಜಮಾನ ಹೂಂ ಅಂದರೂ, ಅದನ್ನು ಕರೆಯುವ ಹೆಣ್ಣುಮಗಳನ್ನು ಬೇರೆಯಾಗಿ ಕೇಳುತ್ತೇನೆ. ಮಾರುವಾಗ ಹಸುವಿನ ಕುಂದನ್ನೂ ಮೊದಲೇ ಹೇಳುತ್ತೇನೆ. ಅರಕಲಗೂಡು ಕಡೆ ಹಾಲು ಕರೆಯುವ ಹೆಂಗಸು ಬೇಡ ಅಂದದ್ದಕ್ಕೆ ಒಂದು ವ್ಯಾಪಾರ ಮುರಿಯಿತು, ಆ ಯಜಮಾನ ನನ್ನ ಮೇಲೆ ಹರಿಹಾಯ್ದ. ಮುಂದಿನ ವರ್ಷ ಅದೇ ಹೆಂಗಸು ತಾನಾಗಿ ಫೋನ್ ಮಾಡಿ, "ನೀವೇ ಬನ್ನಿ, ಬೇರೆಯೋರ್ಗೆ ಕೊಡಾಕಿಲ್ಲ" ಅಂದಳು. ಲೆಕ್ಕ ಹಾಕಿ ನೋಡಿದರೂ ಇದು ನಷ್ಟದ ಬಾಬ್ತಲ್ಲ.

ಓದುಗರಿಗೂ ನನ್ನದೊಂದು ಬುದ್ಧಿಮಾತು. ನಿಮ್ಮ ರಕ್ತವನ್ನೋ ಕಥೆಯನ್ನೋ ಕೇಳಿಕೊಂಡು ಯಾರಾದರೂ ಬಂದರೆ ಹೆದರಬೇಡಿ, ಆದರೆ ಚೌಕಾಸಿ ಮಾಡದೆ ಕೊಡಬೇಡಿ. ಯಾತಕ್ಕೆ, ಏನು ಮಾಡ್ತೀರಿ, ಬೇಡ ಅಂದರೆ ಏನಾಗುತ್ತೆ ಅಂತ ಕೇಳಿ. ಕುಂದನ್ನು ಮೊದಲು ಹೇಳಿದವರನ್ನು ನಂಬಿ. ಬೇಡ ಅನ್ನೋಕೆ ಜಾಗ ಬಿಡದೆ ಹೂಂ ಅನ್ನಿಸುವವರ ಮುಂದೆ ಕೈ ಎತ್ತಬೇಡಿ, ಅವರು ಒಡಹುಟ್ಟಿದ ತಮ್ಮನಾದರೂ ಸರಿ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ದಲ್ಲಾಳಿ ನಿಂಗಣ್ಣ ಅವತ್ತು ಎಷ್ಟು ಬೆರಳು ಒತ್ತಿದ ಅಂತ ನೀವು ಕೇಳಬಹುದು. ದಿನಾ ದನ ಮುಟ್ಟುವವನು ಅಂತ ನಾನೂ ಆ ಕಲ್ಲುಬೆಂಚಿನ ಮೇಲೆ ಕೂತವನೇ. ಕೇಳುವುದಿದ್ದರೆ ಸಂತೆಗೆ ಬನ್ನಿ, ಟವೆಲ್ ಕೆಳಗೆ ಕೈ ಹಾಕಿ. ಒಳಗೆ ಏನು ಸಿಗುತ್ತದೆ ಅಂತ ಈಗ ನಿಮಗೂ ಗೊತ್ತು.