ಹೊಗೆ ತುಂಬಿದ ಹಡಗಿನ ಹೊಟ್ಟೆ

ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೊರಟೆ. ವಾಪಸು ಬರಲು ಎರಡು ಸೀಟು ಹಿಡಿಸಿದ್ದೆ. ಮಗಳು ಶೈಲಾ ಎಣ್ಣೆ ಹಡಗಿನಲ್ಲಿ ಅಧಿಕಾರಿ. ಆ ಅಪಾಯದ ಕೆಲಸ ಬಿಡಿಸಿ ಅವಳನ್ನು ಕರೆತರುವುದೆಂದು ನಾನೂ ಹೆಂಡತಿ ನೀಲವ್ವನೂ ಗಟ್ಟಿ ಮಾಡಿದ್ದೆವು. ಏಳನೇ ತರಗತಿಗೆ ಶಾಲೆ ಬಿಟ್ಟರೂ ಗಬ್ಬೂರ ಬೈಪಾಸಿನಲ್ಲಿ ಪೆಟ್ರೋಲ್ ಟ್ಯಾಂಕರುಗಳಿಗೆ ವೆಲ್ಡಿಂಗ್ ಮಾಡಿಯೇ ಅವಳನ್ನು ಓದಿಸಿದವನು ನಾನು. ತುಂಬಿದ ಟ್ಯಾಂಕಿಗಿಂತ ಖಾಲಿಯದೇ ಕೆಟ್ಟದ್ದೆಂದು ಬಲ್ಲೆ. ಉಳಿದ ಆವಿಗೆ ಗಾಳಿ ಕೂಡಿದರೆ ಒಂದು ಕಿಡಿ ಸಾಕು. ಅದಕ್ಕೇ ನಾವು ನೀರು ತುಂಬಿ ವೆಲ್ಡಿಂಗ್ ಹಚ್ಚುತ್ತೇವೆ. ಖಾಲಿ ಹಡಗಿಗೆ ಏನು ತುಂಬುತ್ತಾರೆ?

ಯಲ್ಲಾಪುರ ದಾಟಿ ಘಾಟ್ ಇಳಿಯುತ್ತಲೇ ಅಂಗಿ ಬೆನ್ನಿಗೆ ಅಂಟಿತು. ಕುಮಟಾದಲ್ಲಿ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದೆ; ಶೈಲಾಗೆಂದು ನೀಲವ್ವ ಬೇರೆ ಕಟ್ಟಿದ್ದ ಚಟ್ನಿಪುಡಿ ಚೀಲದಲ್ಲೇ ಇತ್ತು. ಮರುದಿನ ಬಂದರಿನ ಗೇಟಿನಲ್ಲಿ ಪಾಸು ಕೊಟ್ಟು, ಮೊಬೈಲು ಇಟ್ಟುಕೊಂಡರು.

ಹಡಗು ಕಂಡು ನಿಂತೇಬಿಟ್ಟೆ. ಜನ್ಮದಲ್ಲಿ ನಾನು ಬೆಸೆದ ಟ್ಯಾಂಕರುಗಳೆಲ್ಲ ಅದರ ಒಂದು ಮೂಲೆ ತುಂಬಲಾರವು.

"ಯಪ್ಪಾ, ಬಾಯಿ ಮುಚ್ಚ, ನೊಣ ಹೊಕ್ಕೀತು!" ಮೇಲಿನಿಂದ ಶೈಲಾ ಕೂಗಿದಳು.

ಹತ್ತಿದವನೇ ಕೇಳಿದೆ: "ಎಣ್ಣಿ ಇಳಿಸೀರಿ. ಈಗ ಟಾಕಿ ಖಾಲಿ ಹೌದಲ್ಲೋ?"

"ಖಾಲಿ ಎಲ್ಲೈತಿ? ಹೊಗಿ ತುಂಬೇವಿ."

ಬಾಯ್ಲರಿನ ಹೊಗೆಯನ್ನು ಸಮುದ್ರದ ನೀರಿನಲ್ಲಿ ತೊಳೆದು, ತಣಿಸಿ, ಪೈಪಿನಲ್ಲಿ ಟಾಕಿಗಳಿಗೆ ಬಿಡುತ್ತಾರಂತೆ. ಅದರಲ್ಲಿ ಆಮ್ಲಜನಕ ಬಹಳ ಕಡಿಮೆ. ಕಿಡಿ ಬಿದ್ದರೂ ಬೆಂಕಿಗೆ ಉಸಿರಿಲ್ಲ. ನಾವು ಬೇಡವೆಂದು ಆಕಾಶಕ್ಕೆ ಬಿಡುವ ಹೊಗೆಯಿಂದಲೇ ಇಷ್ಟು ದೊಡ್ಡ ಹಡಗು ತನ್ನ ಹೊಟ್ಟೆ ಕಾಯ್ದುಕೊಳ್ಳುತ್ತದೆ!

ಗಬ್ಬೂರಿನಲ್ಲಿ ಯಾವ ಟ್ಯಾಂಕರ್ ಬಂದರೂ ಮುಚ್ಚಳ ಎತ್ತಿ ಮೂಸಿ ನೋಡುವುದು ನನ್ನ ರೂಢಿ. ಇಲ್ಲೂ ಒಂದು ಮುಚ್ಚಳಕ್ಕೆ ಕೈ ಹಾಕಿದೆ. ಶೈಲಾ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದಳು.

"ಅಪ್ಪಾ! ಅಲ್ಲಿ ಬೆಂಕಿಗೂ ಉಸರಿಲ್ಲ, ನಿನಗೂ ಉಸರಿಲ್ಲ. ಹೊಸಾ ಗಾಳಿ ಬಿಟ್ಟು, ಮೀಟರ್ ನೋಡಿ ನಾ ಹೂಂ ಅನ್ನೂತನಕ ಯಾರನ್ನೂ ಇಳ್ಯಾಕ ಬಿಡಂಗಿಲ್ಲ."

ನೀಲವ್ವನ ತವರಿನ ಹಗೇವು ನೆನಪಾಯಿತು. ನೆಲದೊಳಗೆ ಜೋಳ ತುಂಬಿಡುವ ಆ ಕಣಜ ತೆರೆದಾಗ ಅವಳಜ್ಜ ಕಂದೀಲು ಇಳಿಬಿಟ್ಟು ಬಾಯಿಗೆ ಕೂರುತ್ತಿದ್ದ. ದೀಪ ಆರಿದರೆ ಒಳಗೆ ಉಸಿರಿಲ್ಲವೆಂದು ಯಾರನ್ನೂ ಇಳಿಯಗೊಡದೆ, ಅಳಿಯನೇ ಬೈದರೂ ಜಾಗ ಬಿಟ್ಟು ಏಳುತ್ತಿರಲಿಲ್ಲ.

"ತಿಳೀತಿಲ್ಲೋ?" ಮಗಳು ಕಾಲರ್ ಇನ್ನೂ ಬಿಟ್ಟಿರಲಿಲ್ಲ.

"ತಿಳೀತ್ರಿ, ಸಾಹೇಬ್ರ."

ಕೆಲಸ ಬಿಡುವ ಮಾತೆತ್ತದೆಯೇ ಹಡಗಿಳಿದು ಬಂದು ಗೇಟಿನಲ್ಲಿ ತಿರುಗಿ ನೋಡಿದೆ. ಅಷ್ಟೆತ್ತರದಲ್ಲಿ ಮಗಳು ಬೆರಳಷ್ಟು ಕಂಡಳು. ಮೊಬೈಲು ಕೈಗೆ ಬರುತ್ತಲೇ ನೀಲವ್ವನದೇ ಫೋನು.

"ಇಬ್ಬರೂ ಹೊಂಟ್ರೇನ್ರಿ?"

"ಒಬ್ಬಾಂವನ ಬರಾಕತ್ತೇನಿ. ನಿಮ್ಮಜ್ಜನಂಗ ಹಗೇವಿನ ಬಾಯಿಗೆ ಕುಂತಾಳ ನಿನ ಮಗಳು. ಎಬ್ಬಸಾಕ ಆಗಲಿಲ್ಲ."

ನೀಲವ್ವ ಕೇಳಿದಳು: "ಚಟ್ನಿಪುಡಿ ಕೊಟ್ಟು ಬಂದ್ರಿಲ್ಲೋ?"