ಕಾವಿಗೆ ಕೂತ ತತ್ತಿ ಕೇಳಿದ ಟೀಚರಮ್ಮ

ಮೊನ್ನೆ ಸೊಸೆಯ ಸ್ಕ್ಯಾನಿಂಗ್ ಫೋಟೊ ಕೈಗೆ ಬಂತು. ಎದೆಬಡಿತ ನಿಂತಿದೆ, ಈ ಬಸಿರು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸೊಸೆ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಡಸಾಲೆಯಲ್ಲಿ ನನ್ನ ತಂಗಿ ಆಗಲೇ ವಿಚಾರಣೆ ಶುರು ಮಾಡಿದ್ದಳು: “ಪಪ್ಪಾಯಿ ತಿಂದಿದ್ಲೇನು? ಯಾರ್ಯಾರ ಮನಿಗೆ ಹೋಗಿದ್ಲು?” ನಾನು ಆ ಫೋಟೊವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದೆ. ತತ್ತಿ ವ್ಯಾಪಾರ ಬಿಟ್ಟು ಎಷ್ಟೋ ವರ್ಷವಾದರೂ ಬೆಳಕಿಗೆ ಹಿಡಿದು ನೋಡುವ ಕೈಯ ಚಟ ಹೋಗಿಲ್ಲ. ಎತ್ತಿದ ಕೈ ಹಾಗೇ ನಿಂತಿತು... ಆ ಟೀಚರಮ್ಮ ನೆನಪಾದರು.

ಎಪ್ಪತ್ತರ ದಶಕದ ಕೊನೆಯ ಮಾತು. ಸೈಕಲ್ಲಿಗೆ ಹೊಟ್ಟು ತುಂಬಿದ ಬುಟ್ಟಿ ಕಟ್ಟಿಕೊಂಡು ತಂಬ್ರಹಳ್ಳಿ ಕಡೆ ಜವಾರಿ ತತ್ತಿ ಕೂಡಿಸಿ ಹಗರಿಬೊಮ್ಮನಹಳ್ಳಿಯಲ್ಲಿ ಮಾರುತ್ತಿದ್ದೆ. ಪ್ರತಿ ತತ್ತಿಯನ್ನೂ ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಬೇಕು. ಕಾವಿಗೆ ಕೂತು ಮರಿ ಕಟ್ಟತೊಡಗಿದ್ದು ಒಂದು ಸೇರಿದರೂ ಗಿರಾಕಿಗಳು ಬೀದಿಯಲ್ಲಿ ನಿಂತು ಮಾನ ಕಳೆಯುತ್ತಿದ್ದರು.

ನಮ್ಮ ಹಿತ್ತಲಿಗೆ ಹತ್ತಿದ ಮನೆಗೆ ಹೈಸ್ಕೂಲಿನ ಜೀವಶಾಸ್ತ್ರದ ಟೀಚರಮ್ಮ ಬಾಡಿಗೆಗೆ ಬಂದರು. ಒಬ್ಬರೇ. ಯಾವ ಊರೆಂದು ಯಾರಿಗೂ ಸರಿಯಾಗಿ ಹೇಳಲಿಲ್ಲ. ಅದೇ ನನಗೆ ಮೊದಲ ಅನುಮಾನ. ಎರಡನೆಯದು, ಅವರು ಕೇಳಿದ ಮಾಲು.

“ಅಣ್ಣಾ, ಕೋಳಿ ಮೂರು ದಿನ ಕಾವು ಕೊಟ್ಟ ತತ್ತಿ ಬೇಕಿತ್ತು. ಬಿಸಿ ಆರಬಾರ್ದು.”

“ತಿನ್ನಾಕ ಬರಂಗಿಲ್ರೀ ಅವು.”

“ತಿನ್ನಾಕ ಅಲ್ರಿ.”

ನಾನು ಡಬಲ್ ರೇಟು ಹೇಳಿದೆ. ತುಟಿ ಬಿಚ್ಚದೆ ಕೊಟ್ಟರು! ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದು ಬುದ್ಧಿಮಾತು: ಚೌಕಾಶಿ ಮಾಡುವ ಗಿರಾಕಿಗೆ ಹೆದರಬೇಡಿ, ಚೌಕಾಶಿಯೇ ಮಾಡದವರ ಮೇಲೆ ಒಂದು ಕಣ್ಣಿಡಿ. ನಾನೂ ಇಟ್ಟೆ. ಅವರ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಆಗಷ್ಟೇ ಮುಚ್ಚಿದ ಮಣ್ಣು ಕಂಡಿತು. ಅದರ ಮೇಲೊಂದು ಸೇವಂತಿಗೆ ಹೂವು. ಅವರಿಲ್ಲದಾಗ ಗೋಡೆ ದಾಟಿ ಕೆದರಿದೆ. ನಾನು ಕೊಟ್ಟ ತತ್ತಿಗಳ ಚಿಪ್ಪುಗಳೇ...

ಅದೇ ವಾರ ನನ್ನ ಹೆಂಡತಿಗೆ ಎರಡನೆಯ ಸಲವೂ ಬಸಿರು ಇಳಿದುಹೋಯಿತು. ಹೂವಿನ ಸುದ್ದಿ ಬಾಯಿ ತಪ್ಪಿ ಅವ್ವನ ಮುಂದೆ ಬಂದದ್ದೇ ತಡ, “ನಿನ್ನ ತತ್ತಿ ಒಯ್ದು ನಿನ್ನ ಕೂಸಿಗೇ ಮಾಟ ಮಾಡ್ಯಾಳಲೇ! ನೀ ನೋಡಿದ್ರ ಡಬಲ್ ರೇಟು ಅಂತ ಕುಣಿಯಾಕ ಹತ್ತಿದಿ” ಎಂದಳು. ಅವ್ವನ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮಾಟ ತಗುಲಿದ ಒಡಲಲ್ಲಿ ಇನ್ನು ಏನೂ ನಿಲ್ಲುವುದಿಲ್ಲ, ಇವಳನ್ನು ಕೊಟ್ಟೂರಿನ ತವರಿಗೆ ಕಳಿಸಿ ಬೇರೆ ಹೆಣ್ಣು ನೋಡೋಣ ಎಂದಳು. ಸಂತೆಯ ದಿನ ಬಸ್ಸು ಹತ್ತಿಸುವುದೆಂದು ನಿಶ್ಚಯವಾಯಿತು. ಹೆಂಡತಿ ಸೀರೆ ಗಂಟು ಕಟ್ಟಿಟ್ಟಳು.

ನಾನು ಜಗಳಕ್ಕೆಂದೇ ಟೀಚರಮ್ಮನ ಮನೆಗೆ ನುಗ್ಗಿದೆ. ಅವರು ಸಿಟ್ಟಾಗಲಿಲ್ಲ. ಟವೆಲ್ಲಿನಲ್ಲಿ ಸುತ್ತಿಟ್ಟ ತತ್ತಿಯೊಂದನ್ನು ಬೆಚ್ಚನೆಯ ಉಪ್ಪುನೀರಿನ ಬಟ್ಟಲಿಗೆ ಒಡೆದರು. ಹಳದಿಯ ಮೇಲೆ ಕೆಂಪು ಎಳೆಗಳ ಬಲೆ, ನಡುವೆ ಸಾಸಿವೆಯಷ್ಟು ಏನೋ ಮಿಡುಕುತ್ತಿತ್ತು.

“ಇದೇನ್ರೀ ಜಾದು?”

“ಜಾದು ಅಲ್ಲಣ್ಣಾ, ಮರೀ ಎದಿ. ಹುಡುಗೇರಿಗೆ ತೋರಿಸೋ ಪಾಠ. ಈ ಪಾಠ ಬಂದ್ರ ಉಳಿದ ಮಾಸ್ತರು ನಾಚಿ ಹಾಳಿ ತಿರುವಿ ಮುಂದ ಹೋಗ್ತಾರ.”

ಆಮೇಲೆ ಮನುಷ್ಯರದ್ದನ್ನೂ ಹೇಳಿದರು. ಹೆಣ್ಣಿನ ಒಡಲ ತತ್ತಿಗೆ ಕಣ್ಣಿಗೆ ಕಾಣದ ಗಂಡಿನ ಕಣ ಸೇರಿ ಒಂದಾಗುತ್ತದಂತೆ. ಆ ಒಂದು ಎರಡಾಗಿ, ಎರಡು ನಾಲ್ಕಾಗಿ, ಹಿಪ್ಪುನೇರಳೆ ಹಣ್ಣಿನಂಥ ಗೊಂಚಲಾಗಿ, ಸಣ್ಣ ನಾಳದಲ್ಲಿ ಇಳಿಯುತ್ತ ಬಂದು ಸುಮಾರು ವಾರಕ್ಕೆ ಗರ್ಭದ ಗೋಡೆಗೆ ಅಂಟಿಕೊಳ್ಳುತ್ತದಂತೆ. ಮುಟ್ಟು ನಿಂತಿತೆಂದು ಹೆಂಗಸು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಅದರ ಎದೆ ಬಡಿಯತೊಡಗುತ್ತದಂತೆ.

“ಹಂಗಾದ್ರ ನಮ್ಮದ್ಯಾಕ ನಿಲ್ಲಲಿಲ್ರೀ?”

“ಒಂದು ಕೋಳಿ ಕೆಳಗ ಇಟ್ಟ ತತ್ತಿ ಎಲ್ಲಾ ಮರಿ ಆಗ್ತಾವೇನಣ್ಣಾ?”

“ಇಲ್ರೀ. ಒಂದೆರಡು ನಡುವೇ ನಿಂತುಬಿಡ್ತಾವ.”

“ಆಗ ಕೋಳಿಗೆ ಬೈತೀರೇನು? ಗಂಟು ಕಟ್ಟಿಸಿ ತವರಿಗೆ ಕಳಿಸ್ತೀರೇನು?”

ಗೋಡೆಯಾಚೆ ಎಲ್ಲ ಕೇಳಿಸಿಕೊಂಡಿದ್ದರು ಅನ್ನಿ. “ಬಹಳ ಸಲ ಶುರುವಿನಾಗ ಒಳಗ ಏನೋ ಕೂಡಿ ಬಂದಿರಂಗಿಲ್ಲ. ಆಕಿ ತಿಂದದ್ದಕ್ಕಲ್ಲ, ಎತ್ತಿದ್ದಕ್ಕಲ್ಲ, ಯಾರ ಕಣ್ಣಿಗೂ ಅಲ್ಲ.”

ಮಾತು ಕೇಳಿ ಒಪ್ಪುವ ಪೈಕಿ ನಾನಲ್ಲ. ಮರುದಿನ ತಂಬ್ರಹಳ್ಳಿಯಲ್ಲಿ ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿ, ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಹಿಡಿದು ಅದರ ತತ್ತಿಗಳನ್ನೆಲ್ಲ ನೋಡಿದೆ. ಒಂದು ನಡುವೇ ಸತ್ತು, ಒಳಗೆ ರಕ್ತ ಉಂಗುರ ಕಟ್ಟಿ ನಿಂತಿತ್ತು. ಪಕ್ಕದವುಗಳಲ್ಲಿ ಜೀವ ಆಡುತ್ತಿತ್ತು. ಅದೇ ಕೋಳಿ, ಅದೇ ಬುಟ್ಟಿ, ಅದೇ ಕಾವು. ಎಷ್ಟೋ ಸಲ ಕಂಡದ್ದೇ, ಆದರೆ ಅವತ್ತು ಬೇರೆ ಥರ ಕಂಡಿತು. ಮನೆಗೆ ಬಂದವನೇ ಹೆಂಡತಿಯ ಗಂಟು ಬಿಚ್ಚಿದೆ. “ಈಕಿ ಎಲ್ಲಿಗೂ ಹೋಗಂಗಿಲ್ಲ” ಎಂದೆ. ಅವ್ವ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಳು.

ಆದರೂ ಒಂದು ಅನುಮಾನ ಉಳಿಯಿತು. ಪಾಠದ ತತ್ತಿಗೆ ಹೂವು ಯಾಕೆ? ಕೇಳಿಯೂಬಿಟ್ಟೆ. “ನಾಯಿ ಕೆದರ್ತಾವಣ್ಣಾ, ಅದಕ್ಕ” ಎಂದು ಬೇರೆ ಕಡೆ ನೋಡಿದರು. ಹೂವಿಗೆ ಹೆದರುವ ನಾಯಿಯನ್ನು ನಾನಂತೂ ಕಂಡಿಲ್ಲ. ಅವರಿಗೂ ಎಂದೋ, ಎಲ್ಲೋ ಒಂದು ಕೂಸು... ಇರಲಿ.

ಜೂನಿನಲ್ಲಿ ಟೀಚರಮ್ಮ ಹಡಗಲಿ ಕಡೆಯ ಮಾಗಳಕ್ಕೆ ವರ್ಗವಾಗಿ ಹೋದರು. ಮಗ ಹುಟ್ಟಿದಾಗ ಸಕ್ಕರೆ ಕಟ್ಟಿಕೊಂಡು ಮಾಗಳದವರೆಗೂ ಹೋದೆ. ಅಲ್ಲಿಂದಲೂ ಹೋಗಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಸಿಗಲೇ ಇಲ್ಲ.

ಮೊನ್ನೆ ತಂಗಿ ಇನ್ನೂ ಪಪ್ಪಾಯಿಯಲ್ಲೇ ಇದ್ದಳು. ಫೋಟೊ ಕೆಳಗಿಟ್ಟು ಕೇಳಿದೆ: “ತತ್ತಿ ನಡುವೇ ನಿಂತ್ರ ಕೋಳಿಗೆ ಬೈತಾರೇನಬೇ?” ಅವಳಿಗೆ ತಿಳಿಯಲಿಲ್ಲ. ನನ್ನ ಹೆಂಡತಿಗೆ ತಿಳಿಯಿತು; ಟೀಚರಮ್ಮನ ಮಾತು, ಆ ಹೂವು, ಎಲ್ಲ ಅವಳಿಗೆ ಅಂದೇ ಹೇಳಿದ್ದೆ. ಎದ್ದು ಹೋಗಿ ಕುಂಡದಿಂದ ಒಂದು ಸೇವಂತಿಗೆ ಹೂವು ಕಿತ್ತು ತಂದು ಫೋಟೊದ ಮೇಲಿಟ್ಟಳು. ಎರಡನ್ನೂ ಸೊಸೆಯ ತಲೆದಿಂಬಿನ ಪಕ್ಕಕ್ಕೆ ಒಯ್ದಳು.

ಆಸ್ಪತ್ರೆಯಿಂದ ಬಂದಾಗಿನಿಂದ ಹನಿ ಕಣ್ಣೀರು ಹಾಕದಿದ್ದ ಹುಡುಗಿ ಆಗ ಬಾಯಿಬಿಟ್ಟು ಅತ್ತಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.