ಎರಡು ಡಬ್ಬಿ, ಒಂದು ಹೆಬ್ಬೆರಳು

ಕೆಂಪಾಪುರದ ಬ್ಯಾಟರಾಯಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ಅಳೆದು ಹೊಯ್ದ ಹಾಲನ್ನು ಮನೆಯ ಪಾವಿನಲ್ಲಿ ಮತ್ತೆ ಅಳೆಯುತ್ತಿದ್ದ. ಹೆಂಡತಿ ಗೋಪಾಲಮ್ಮ ಹಾಕಿದ ಚಿಲಕವನ್ನು ಎದ್ದು ಹೋಗಿ ಎಳೆದು ನೋಡುತ್ತಿದ್ದ. ಕಸುಬೂ ಅಂಥದ್ದೇ ಬಿಡಿ. ಎಂಟು ವರ್ಷ ಕೊಚ್ಚಿಯಲ್ಲಿ ನೌಕಾಪಡೆಯ ಮುಳುಗುಗಾರನಾಗಿದ್ದು, ಎಪ್ಪತ್ತೈದನೇ ಇಸವಿಯಲ್ಲಿ ಊರಿಗೆ ಬಂದು, ಗುಜರಿಯಲ್ಲಿ ಮುಳುಗುವ ಹಳೇ ಸಾಮಾನು ಕೊಂಡಿದ್ದ. ಹೆಬ್ಬಾಳದಿಂದ ಯಲಹಂಕದವರೆಗೆ ಬಾವಿಗೆ ಬಿದ್ದ ಪಂಪು, ಕೆರೆಯಲ್ಲಿ ಕಟ್ಟಿಕೊಂಡ ತೂಬು, ಒಮ್ಮೊಮ್ಮೆ ಹೆಣ, ಎಲ್ಲಕ್ಕೂ ಅವನೇ ಇಳಿಯಬೇಕು.

ಬಾವಿ ಇಕ್ಕಟ್ಟು, ಹಾಗಾಗಿ ಬೆನ್ನಿಗೊಂದು ಗಾಳಿಯ ಸಿಲಿಂಡರ್, ಪಕ್ಕೆಗೊಂದು ಪುಟ್ಟದ್ದು, ಕಾಲಿಗೆ ಈಜುವ ರಬ್ಬರ್ ರೆಕ್ಕೆ ಬೇಡ. ಕೆರೆಯಲ್ಲಿ ಜೊಂಡು ಕಾಟ. ಕೊಳವೆಗಳನ್ನೆಲ್ಲ ಮೈಗೆ ಬಿಗಿದು ಕಟ್ಟಿ, ಎಡಗಾಲಿಗೊಂದು ಬಲತೋಳಿಗೊಂದು ಚಾಕು ಸಿಕ್ಕಿಸುತ್ತಿದ್ದ, ಒಂದು ಕೈ ತೊಡರಿಕೊಂಡರೆ ಇನ್ನೊಂದಕ್ಕೆ ಎಟುಕಲಿ ಎಂದು. ಕಲ್ಲುಕ್ವಾರಿಯ ಕೊರೆಯುವ ನೀರಿಗೆ ರಬ್ಬರ್ ಅಂಗಿಯೊಳಗೆ ಉಣ್ಣೆ ಸ್ವೆಟರ್. ಎಲ್ಲಿಗೇ ಹೋಗಲಿ, ಬಾಯಲ್ಲಿ ಕಚ್ಚಿ ಉಸಿರೆಳೆಯುವ ರೆಗ್ಯುಲೇಟರ್ ಡಬ್ಬಿ ಮಾತ್ರ ಎರಡು. ಒಂದು ಸಿಲಿಂಡರಿಗೆ ಯಶವಂತಪುರದಲ್ಲಿ ಗಾಳಿ ತುಂಬಿಸಿದರೆ ಇನ್ನೊಂದಕ್ಕೆ ಪೀಣ್ಯದಲ್ಲಿ. ಒಬ್ಬ ಡೀಸೆಲ್ ಹೊಗೆ ತುಂಬಿಸಿದರೂ ಇನ್ನೊಬ್ಬನದಾದರೂ ನೆಟ್ಟಗಿರಲಿ ಎಂಬ ಆಲೋಚನೆ.

ದಡದಲ್ಲಿ ಅವನ ಹಗ್ಗ ಹಿಡಿಯುವವನು ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯ ಆನಂದಪ್ಪ, ಆರು ವರ್ಷದ ಜೊತೆಗಾರ, ತಾನೂ ಮುಳುಗುಗಾರ. ಅವನು ಒಬ್ಬನೇ ಕೆರೆ ಕೆಲಸ ಕೊಡುವ ಇಂಜಿನಿಯರ್ ಆಫೀಸಿಗೆ ಹೋಗಿ ತನ್ನ ಹೆಸರಲ್ಲೇ ಕೆಲಸ ಕೇಳಿದನಂತೆ ಎಂದು ಯಾರೋ ಬ್ಯಾಟರಾಯಪ್ಪನ ತಲೆಗೆ ಹುಳ ಬಿಟ್ಟರು. ಅವತ್ತಿನಿಂದ ಆನಂದಪ್ಪ ಸಾಮಾನಿನ ಹತ್ತಿರ ಸುಳಿಯುವಂತಿಲ್ಲ.

ಎಂಬತ್ತೊಂದರ ಆಯುಧಪೂಜೆ ಬಂತು. ಹಿಂದಿನ ದಿನವೇ ಬ್ಯಾಟರಾಯಪ್ಪ ಎರಡೂ ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ಉಸಿರೆಳೆದು ಪರೀಕ್ಷೆ ಮಾಡಿದ್ದ. ಬೆಳಿಗ್ಗೆ ಗೋಪಾಲಮ್ಮನನ್ನೂ ದೂರವಿಟ್ಟು ತಾನೇ ಪೂಜೆಗೆ ಕೂತ. ಚಾಕುಗಳಿಗೆ, ಸಿಲಿಂಡರಿಗೆ, ಡಬ್ಬಿಗಳ ನೆತ್ತಿಗೂ ಕೆಳತುಟಿಗೂ ಗಟ್ಟಿಯಾಗಿ ಗಂಧ ಹಚ್ಚಿ, ಹೆಬ್ಬೆರಳಲ್ಲಿ ಒತ್ತಿ ಕುಂಕುಮವಿಟ್ಟ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಎತ್ತುವ ಹಾಗಿಲ್ಲ.

ಮಧ್ಯಾಹ್ನಕ್ಕೇ ಜೀಪು ಬಂತು. ಮೂರು ದಿನದ ಮಳೆಗೆ ಪುಟ್ಟೇನಹಳ್ಳಿ ಕೆರೆ ಏರಿಯ ಅಂಚಿಗೆ ಬಂದಿದೆ, ತೂಬಿಗೆ ದಿಮ್ಮಿ ಸಿಕ್ಕಿಕೊಂಡಿದೆ, ಏರಿ ಒಡೆದರೆ ಕೆಳಗಿನ ಮನೆಗಳು ಉಳಿಯುವುದಿಲ್ಲ. ಗೋಪಾಲಮ್ಮ ಬೇಡವೆಂದರೂ ಅವನು ಹೂವು ಕಿತ್ತು, ಬಟ್ಟೆಯಲ್ಲಿ ಒರೆಸಿ, ಸಾಮಾನು ಜೀಪಿಗೆ ಹೇರಿದ. ಏರಿಯ ಮೇಲೆ ಆನಂದಪ್ಪ ಹಳೇ ರೂಢಿಯಂತೆ ಪರೀಕ್ಷಿಸಲು ಡಬ್ಬಿಗೆ ಕೈ ಚಾಚಿದ.

“ಮುಟ್ಬ್ಯಾಡ. ನೆನ್ನೇನೇ ನಾನ್ ನೋಡಿವ್ನಿ.”

ದಡದಲ್ಲಿ ಉಸಿರು ಸಲೀಸಾಗಿ ಬಂತು. ಕೆಳಗೆ ಕಣ್ಣಿಗೆ ಕೈಯೂ ಕಾಣದ ಕೆಸರಲ್ಲಿ ದಿಮ್ಮಿಯನ್ನು ತಡವಿ ಹಾರೆ ಕೊಟ್ಟಾಗ, ಉಸಿರಿನ ಜೊತೆ ನೀರೂ ಬಂತು. ಮತ್ತೆಳೆದ, ಬಾಯಿ ತುಂಬ ನೀರು. ಗಾಬರಿಯಾಗಲಿಲ್ಲ, ಇನ್ನೊಂದು ಡಬ್ಬಿ ಕಚ್ಚಿದ. ಅದರಲ್ಲೂ ನೀರು.

ಈಗ ಹೆದರಿದ. ಒಂದು ಕೆಟ್ಟರೆ ಗ್ರಹಚಾರ. ಎರಡೂ ಕೆಟ್ಟಿವೆ ಎಂದರೆ ಯಾರದೋ ಕೈ ಆಡಿದೆ. ಆ ಕೈಯೇ ಈಗ ಮೇಲೆ ಹಗ್ಗ ಹಿಡಿದಿದೆ. ಮೂರು ಸಲ ಜಗ್ಗಿದರೆ ಮೇಲೆಳೆಯಬೇಕು, ಅದು ಕರಾರು. ಎಳೆಯದಿದ್ದರೆ? ಇಷ್ಟೊಂದು ಭಾರ ಹೊತ್ತು, ಈ ಜೊಂಡಿನಲ್ಲಿ ತಾನಾಗಿ ಏಳುವುದು ಆಗದ ಮಾತು. ಹಾಗೆ ಯೋಚಿಸುತ್ತ ಉಳಿದಿದ್ದ ಉಸಿರನ್ನೂ ಕಳೆದುಕೊಂಡ. ಬೇರೆ ದಾರಿ ಇರಲಿಲ್ಲ, ಜಗ್ಗಿದ. ಎರಡನೆಯದು ಮುಗಿದು ಮೂರನೆಯದಕ್ಕೆ ಕೈ ಎತ್ತುವ ಮೊದಲೇ ಹಗ್ಗ ಅವನನ್ನು ಎತ್ತಿಕೊಂಡು ಹೋಯಿತು.

ಏರಿಯ ಮೇಲೆ ಕೆಮ್ಮಿ ಕೆಮ್ಮಿ ನೀರು ಕಾರಿದವನು ಮೊದಲು ಆಡಿದ ಮಾತು, ಎರಡನ್ನೂ ಕೆಡಿಸಿದೆಯಲ್ಲೋ ಎಂದು. ಆನಂದಪ್ಪ ತನ್ನ ಸಾಮಾನು ತೊಟ್ಟ, ಹಗ್ಗದ ತುದಿಯನ್ನು ಬ್ಯಾಟರಾಯಪ್ಪನ ಕೈಗೇ ಕೊಟ್ಟು ಇಳಿದ. ಅರ್ಧ ಗಂಟೆಯಲ್ಲಿ ದಿಮ್ಮಿ ಕಿತ್ತು ಬಂತು, ತೂಬು ಭೋರೆಂದು ಹರಿಯಿತು.

ಆಮೇಲೆ ಆನಂದಪ್ಪ ಮೇಲೆ ಬಂದು, ಸ್ಕ್ರೂಡ್ರೈವರ್ ತೆಗೆದು ಎರಡೂ ಡಬ್ಬಿಯ ಕೆಳತುಟಿ ಬಿಚ್ಚಿದ. ಬಿಟ್ಟ ಉಸಿರು ಹೊರಹೋಗುವ ಸೀಳು ಅಲ್ಲೇ ಇರುವುದು. ಅದಕ್ಕೆ ಕದದ ಹಾಗೆ ಮುಚ್ಚಿಕೊಳ್ಳಬೇಕಾದ ರಬ್ಬರಿನ ಅಡಿಯಲ್ಲಿ, ಹೊರಗಿನಿಂದ ಬೆರಳಲ್ಲಿ ಒತ್ತಿದಾಗ ಸೀಳಿನೊಳಗೆ ನುಗ್ಗಿದ್ದ ಗಂಧ ಕುಂಕುಮ ಒಣಗಿ ಗಟ್ಟಿ ಕೂತಿತ್ತು. ರಬ್ಬರ್ ಎದ್ದು ನಿಂತಿತ್ತು, ನೀರು ನುಗ್ಗಲು ಅಷ್ಟು ಸಾಕು.

“ಇದ್ ಯಾರ್ ಬೆರಳಣ್ಣ?”

ಬ್ಯಾಟರಾಯಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅಷ್ಟು ನೀರಲ್ಲಿ ನೆನೆದಿದ್ದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿದಿತ್ತು. ನಾಚಿಕೆಯಿಂದ ಕುಗ್ಗಿಹೋದ.

“ಕೆಲ್ಸ ಕೇಳಿದ್ದು ದಿಟ,” ಎಂದ ಆನಂದಪ್ಪ. “ಅದುಕ್ಕೂ ನಿನ್ ಅಗ್ಗ ಇಡಿಯೋದುಕ್ಕೂ ಏನಣ್ಣ ಸಂಬಂದ?”

ಅಲ್ಲಿಂದ ಮುಂದೆ ಒಂದು ಡಬ್ಬಿ ಸಿಂಗಾಪುರದಲ್ಲಿ, ಆನಂದಪ್ಪನ ಮನೆಯ ಗೂಟದಲ್ಲಿ ಉಳಿಯಿತು. ಎರಡನ್ನೂ ಒಂದೇ ಕೈ ಮುಟ್ಟಬಾರದೆಂದು ಬ್ಯಾಟರಾಯಪ್ಪನೇ ಹಾಗೆ ಮಾಡಿದ. ಅನುಮಾನ ಹೋಯಿತೇ ಅಂದರೆ ಎಲ್ಲಿ ಹೋದೀತು, ಹಾಲು ಅಳೆಯುತ್ತಲೇ ಇದ್ದ. ಆದರೆ ಪ್ರತಿ ಸಲ ನೀರಿಗಿಳಿಯುವ ಮುನ್ನ, ತನ್ನ ಮನೆಯಿಂದ ತಂದ ಡಬ್ಬಿಯನ್ನು ಆನಂದಪ್ಪನ ಮುಂದೆ ಹಿಡಿಯುತ್ತಿದ್ದ.

“ಸರ್ಯಾಗ್ ನೋಡಪ್ಪ, ಇದುನ್ನ ನಾನ್ ಮುಟ್ಟಿವ್ನಿ.”